ನೂರು ಚುಕ್ಕಿ ಇಟ್ಟರೂ ನೂರು ಪಟ್ಟು ಕರೆಂಟು ಯಾಕಿಲ್ಲ?

ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ ಮೈಕ್ರೋ ಎಲೆಕ್ಟ್ರೋಡ್‌ಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೂದಲೆಳೆಗಿಂತ ಸಣ್ಣ ಲೋಹದ ಚುಕ್ಕಿಯನ್ನು ದ್ರಾವಣದಲ್ಲಿ ಅದ್ದಿ, ಅಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯನ್ನು ಕರೆಂಟಿನ ಲೆಕ್ಕದಲ್ಲಿ ಓದುವ ಸಂಗತಿ ಅದು. ಒಂದು ಚುಕ್ಕಿಯ ಕರೆಂಟು ತೀರಾ ಕಡಿಮೆ. ಹಾಗಾಗಿ ಹತ್ತಾರು, ನೂರಾರು ಚುಕ್ಕಿಗಳನ್ನು ಒಂದೇ ಚಿಪ್ ಮೇಲೆ ಸಾಲಾಗಿ ಕೂರಿಸಿ ‘ಅರೇ’ ಮಾಡುತ್ತಾರೆ. ಇದರ ಬಗ್ಗೆ ಬಂದ ಪತ್ರಗಳು ಚೆನ್ನಾಗಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ.

ಪ್ರಶ್ನೆ: ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ಚಿನ್ನದ ಅರೇ ಮಾಡಿದ್ದೇವೆ. ಒಂದೊಂದು ಚುಕ್ಕಿಯ ವ್ಯಾಸ 10 ಮೈಕ್ರಾನ್. ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು 100. ಮಧ್ಯದಿಂದ ಮಧ್ಯಕ್ಕೆ 50 ಮೈಕ್ರಾನ್ ದೂರ. ಎಲ್ಲವೂ ಒಂದೇ ಪ್ಯಾಡಿಗೆ ಸೇರಿವೆ. 1 ಮಿಲಿಮೋಲಾರ್ ಫೆರೋಸೀನ್ ಮೆಥನಾಲ್ (ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುವ ಪರೀಕ್ಷಾ ರಾಸಾಯನಿಕ) ದ್ರಾವಣದಲ್ಲಿ ವೋಲ್ಟೇಜನ್ನು ಸೆಕೆಂಡಿಗೆ 10 ಮಿಲಿವೋಲ್ಟ್ ವೇಗದಲ್ಲಿ ಏರಿಸುತ್ತಾ ಸ್ಕ್ಯಾನ್ ಮಾಡಿದೆ. 135 ನ್ಯಾನೋ ಆಂಪಿಯರ್ ಬರಬೇಕಿತ್ತು, 80ರ ಆಸುಪಾಸು ಬರುತ್ತಿದೆ. ಗ್ರಾಫ್ ಕೂಡ ಮೇಲೆ ಹೋಗಿ ಸಪಾಟಾಗುವ ಬದಲು ಸಣ್ಣ ಗುಡ್ಡದ ಹಾಗೆ ಎದ್ದು ಇಳಿಯುತ್ತದೆ. ಮೇಲಿನ ಇನ್ಸುಲೇಟರ್ ಪದರದಲ್ಲಿ ನಲವತ್ತು ಚುಕ್ಕಿಗಳ ಕಿಂಡಿ ತೆರೆದೇ ಇಲ್ಲ ಅಂತ ಲ್ಯಾಬಿನ ಸೀನಿಯರ್‌ಗಳು ಹೇಳುತ್ತಾರೆ. ನಿಜವೇ?
(ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ 135 ಅನ್ನುವ ಅಂಕಿ. ಎಷ್ಟು ಬರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಿ, ಅದಕ್ಕೇ ಏನೋ ಸರಿಯಿಲ್ಲ ಅಂತ ನಿಮಗೆ ಗೊತ್ತಾಯಿತು. ಚಿಪ್ ತಂದು, ಅದ್ದಿ, ಬಂದ ಗ್ರಾಫನ್ನು ಹಾಗೇ ಪ್ರಬಂಧಕ್ಕೆ ಅಂಟಿಸುವವರೇ ಜಾಸ್ತಿ. ಅಂಥವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಬೇರೆ ಓದುಗರಿಗಾಗಿ ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಇನ್ಸುಲೇಟರ್ ಮಟ್ಟದಲ್ಲೇ ಇರುವ ದುಂಡು ಚುಕ್ಕಿಗೆ ಸ್ಥಿರ ಕರೆಂಟು ಇಷ್ಟು: ನಾಲ್ಕು, ಎಲೆಕ್ಟ್ರಾನ್ ಸಂಖ್ಯೆ, ಫ್ಯಾರಡೆ ಸ್ಥಿರಾಂಕ, ಡಿಫ್ಯೂಷನ್ ಗುಣಾಂಕ (ಅಣುಗಳು ದ್ರಾವಣದಲ್ಲಿ ಎಷ್ಟು ಬೇಗ ಹರಡುತ್ತವೆ ಅನ್ನುವ ಅಳತೆ), ಸಾಂದ್ರತೆ, ಚುಕ್ಕಿಯ ತ್ರಿಜ್ಯ, ಇವೆಲ್ಲವನ್ನೂ ಗುಣಿಸಬೇಕು. ಫೆರೋಸೀನ್ ಮೆಥನಾಲ್‌ಗೆ ಡಿಫ್ಯೂಷನ್ ಗುಣಾಂಕ ಸೆಕೆಂಡಿಗೆ ಸುಮಾರು 7×10⁻⁶ ಚದರ ಸೆಂ.ಮೀ. ತ್ರಿಜ್ಯ 5 ಮೈಕ್ರಾನ್. ಗುಣಿಸಿದರೆ 1.35 ನ್ಯಾನೋ ಆಂಪಿಯರ್. ನೂರಕ್ಕೆ 135. ಇಲ್ಲಿಯವರೆಗೆ ನೀವು ಸರಿ.

ಆದರೆ ಈ ಲೆಕ್ಕ ನಿಲ್ಲುವುದು ಪ್ರತಿ ಚುಕ್ಕಿಯೂ ಒಂಟಿಯಾಗಿದ್ದಾಗ ಮಾತ್ರ. ಒಂದೇ ಹೊಲದಲ್ಲಿ ಪಕ್ಕಪಕ್ಕದಲ್ಲೇ ನಾಲ್ಕು ಬೋರ್‌ವೆಲ್ ಕೊರೆಸಿದರೆ ನಾಲ್ಕು ಪಟ್ಟು ನೀರು ಬರುತ್ತದೆಯೇ? ಎಲ್ಲವೂ ಅದೇ ನೀರನ್ನು ಎಳೆಯುತ್ತವೆ. ನಿಮ್ಮ ಚಿಪ್‌ನಲ್ಲೂ ಆಗಿರುವುದು ಇದೇ. ಚುಕ್ಕಿಯ ಸುತ್ತ ಅಣುಗಳು ಖಾಲಿಯಾದ ಒಂದು ವಲಯ ಬೆಳೆಯುತ್ತಾ ಹೋಗುತ್ತದೆ. ಅದರ ಅಗಲ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ: ಒಂದು ಸೆಕೆಂಡಿನಲ್ಲಿ ಹೆಚ್ಚುಕಡಿಮೆ 47 ಮೈಕ್ರಾನ್. ನಿಮ್ಮ ಎರಡು ಚುಕ್ಕಿಗಳ ಅರ್ಧ ದಾರಿ ಎಷ್ಟು? 25 ಮೈಕ್ರಾನ್. ಅಂದರೆ ಕಾಲು ಸೆಕೆಂಡ್ ಕಳೆಯುವಷ್ಟರಲ್ಲಿ ಅಕ್ಕಪಕ್ಕದ ವಲಯಗಳು ಒಂದಕ್ಕೊಂದು ತಾಗುತ್ತವೆ. ಸೆಕೆಂಡಿಗೆ 10 ಮಿಲಿವೋಲ್ಟ್ ಅಂದರೆ, 100 ಮಿಲಿವೋಲ್ಟ್ ದಾಟಲಿಕ್ಕೇ ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ನಿಮ್ಮ ನೂರು ಚುಕ್ಕಿಗಳು ಸೇರಿಕೊಂಡು ಅರ್ಧ ಮಿಲಿಮೀಟರ್ ಅಗಲದ ಒಂದೇ ದೊಡ್ಡ ಎಲೆಕ್ಟ್ರೋಡ್‌ನ ಹಾಗೆ ವರ್ತಿಸತೊಡಗಿರುತ್ತವೆ. ಗ್ರಾಫಿನಲ್ಲಿ ಗುಡ್ಡ ಎದ್ದದ್ದು ಅದಕ್ಕೇ. ನಾನು ಹಾಕಿದ ಅಂದಾಜು ಲೆಕ್ಕದಲ್ಲಿ, ನೂರೂ ಚುಕ್ಕಿ ಚೆನ್ನಾಗಿದ್ದರೂ ಈ ವೇಗದಲ್ಲಿ 85ರ ಹತ್ತಿರವೇ ಬರಬೇಕು.

ಮಧ್ಯದಿಂದ ಮಧ್ಯಕ್ಕೆ ತ್ರಿಜ್ಯದ ಹತ್ತು ಪಟ್ಟು ದೂರ ಬಿಟ್ಟರೆ ಸಾಕು ಅಂತ ಹಲವರು ಹೇಳುವುದುಂಟು. ನಿಮ್ಮದೂ ಸರಿಯಾಗಿ ಹತ್ತು ಪಟ್ಟೇ ಇದೆ. ಈ ಸೂತ್ರವನ್ನು ನಾನು ನಂಬುವುದಿಲ್ಲ. ದೂರ ಎಷ್ಟಿರಬೇಕು ಅನ್ನುವುದು ಬರೀ ಚುಕ್ಕಿಯ ಗಾತ್ರದ ಪ್ರಶ್ನೆಯಲ್ಲ, ನೀವು ಎಷ್ಟು ನಿಧಾನವಾಗಿ ಅಳೆಯುತ್ತೀರಿ ಅನ್ನುವುದರ ಪ್ರಶ್ನೆಯೂ ಹೌದು. 10 ಮಿಲಿವೋಲ್ಟ್ ವೇಗದಲ್ಲೇ ಅಳೆಯಬೇಕು, ಚುಕ್ಕಿಗಳು ಒಂಟಿಯಾಗಿಯೂ ಇರಬೇಕು ಅಂದರೆ 200 ಮೈಕ್ರಾನ್ ಆದರೂ ಬಿಡಿ. ಮಾಸ್ಕ್ (ಚಿಪ್ಪಿನ ವಿನ್ಯಾಸವನ್ನು ವೇಫರಿಗೆ ಇಳಿಸುವ ಅಚ್ಚು) ಬರೆಸುವ ಮೊದಲೇ ಇದನ್ನು ತೀರ್ಮಾನಿಸಬೇಕು. ಆಮೇಲೆ ಬದಲಿಸಲಿಕ್ಕೆ ಏನೂ ಉಳಿಯುವುದಿಲ್ಲ.

ಇನ್ನು ನಿಮ್ಮ ಸೀನಿಯರ್‌ಗಳ ಮಾತು. ಅದು ನಿಜವೋ ಸುಳ್ಳೋ ನೋಡಲು ಸುಲಭದ ದಾರಿ ಇದೆ. ಸ್ಕ್ಯಾನ್ ವೇಗವನ್ನು 100ಕ್ಕೆ, ಆಮೇಲೆ 500ಕ್ಕೆ ಏರಿಸಿ. ಪ್ರತಿ ವೇಗದಲ್ಲೂ ಬರೀ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದ ಗ್ರಾಫ್ ತೆಗೆದು ಕಳೆಯಿರಿ, ಇಲ್ಲದಿದ್ದರೆ ರಾಸಾಯನಿಕ ಕ್ರಿಯೆಯೇ ಇಲ್ಲದೆ ಹರಿಯುವ ಚಾರ್ಜಿಂಗ್ ಕರೆಂಟು ದಾರಿ ತಪ್ಪಿಸುತ್ತದೆ. ವೇಗ ಹೆಚ್ಚಾದಂತೆ ಕರೆಂಟು 135ರತ್ತ ಏರಿದರೆ ಚುಕ್ಕಿಗಳೆಲ್ಲ ಸರಿಯಾಗಿವೆ, ಬರೀ ಹತ್ತಿರ ಇವೆ. 500ರಲ್ಲಿ 135ನ್ನು ಸ್ವಲ್ಪ ದಾಟಿದರೂ ಗಾಬರಿ ಬೇಡ, ಆ ವೇಗದಲ್ಲಿ ಅದು ಸಹಜ. ಎಷ್ಟೇ ವೇಗ ಕೊಟ್ಟರೂ 80ರಲ್ಲೇ ಕೂತರೆ ಸೀನಿಯರ್‌ಗಳ ಮಾತು ನಿಜ, ಎಷ್ಟೋ ಕಿಂಡಿಗಳು ತೆರೆದಿಲ್ಲ.

ಇನ್ನೊಂದು ಸಣ್ಣ ಕಡಿತವೂ ಇದೆ. ನಿಮ್ಮ ಚಿನ್ನ ಸಿಲಿಕಾನ್ ನೈಟ್ರೈಡ್ ಅನ್ನುವ ಇನ್ಸುಲೇಟರ್ ಪದರದ ಕೆಳಗೆ, ಕಿಂಡಿಯ ತಳದಲ್ಲಿ ಇದೆ ಅಲ್ವಾ? ಆ ಗೋಡೆಯ ಎತ್ತರ ಅರ್ಧ ಮೈಕ್ರಾನ್ ಇದ್ದರೂ ಕರೆಂಟು ಶೇ. 11ರಷ್ಟು ಇಳಿಯುತ್ತದೆ. ಅಂದರೆ ಒಂದು ಚುಕ್ಕಿಗೆ 1.35 ಅಲ್ಲ, 1.2. ನೈಟ್ರೈಡ್ ದಪ್ಪವನ್ನು ಪ್ರೊಫೈಲೋಮೀಟರ್‌ನಲ್ಲಿ ಅಳೆದು, ಲೆಕ್ಕದಲ್ಲಿ ಸೇರಿಸಿ.

ಕಣ್ಣಾರೆ ನೋಡಬೇಕೆಂದರೆ ತಾಮ್ರ ಕೂರಿಸಿ ನೋಡಿ. ಅಳತೆಗೆ ಇಟ್ಟುಕೊಂಡ ಡೈ (ವೇಫರಿನ ಒಂದು ಚಿಪ್ ತುಂಡು) ಮೇಲೆ ಬೇಡ, ಅದೇ ವೇಫರಿನ ಇನ್ನೊಂದು ಡೈ ಮೇಲೆ ಮಾಡಿ. ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಸ್ವಲ್ಪ ಮೈಲುತುತ್ತ ಕರಗಿಸಿ. ಡೈ ಅದ್ದಿ, ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ ಹೋಲಿಸಿ ಮೈನಸ್ 0.2 ವೋಲ್ಟ್ ಸ್ವಲ್ಪ ಹೊತ್ತು ಕೊಡಿ. ತೊಳೆದು ಮೈಕ್ರೋಸ್ಕೋಪ್ ಕೆಳಗಿಡಿ. ತೆರೆದ ಕಿಂಡಿಗಳೆಲ್ಲ ಹಳದಿಯಿಂದ ಕೆಂಪಿಗೆ ತಿರುಗಿರುತ್ತವೆ. ತೆರೆಯದವು ಹಳದಿಯಾಗೇ ಉಳಿಯುತ್ತವೆ. ಇದರಲ್ಲಿ ನಾನು ಮೊದಲು ಹುಡುಕುವುದು ಬೇರೆಯದನ್ನು: ಕಿಂಡಿಯೇ ಇಲ್ಲದ ಕಡೆ, ತಂತಿ ಹಾದು ಹೋಗುವ ದಾರಿಯಲ್ಲಿ, ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಕಾಣುತ್ತವೆಯೇ ಅಂತ. ಕಂಡರೆ ನೈಟ್ರೈಡ್‌ನಲ್ಲಿ ಸೂಜಿರಂಧ್ರಗಳಿವೆ. ಮುಚ್ಚಿದ ಕಿಂಡಿಗಿಂತ ಇದು ಕೆಟ್ಟದ್ದು. ಮುಚ್ಚಿದ ಕಿಂಡಿ ಕರೆಂಟು ಕಡಿಮೆ ಮಾಡಿ ಸಿಕ್ಕಿಬೀಳುತ್ತದೆ. ಸೂಜಿರಂಧ್ರ ಕಡಿಮೆಯಾದದ್ದನ್ನು ತುಂಬಿಕೊಟ್ಟು, ಅಂಕಿ ಸರಿಯಿದೆ ಅನ್ನುವ ಹಾಗೆ ಮಾಡಿಬಿಡುತ್ತದೆ.

ಮುಂದಿನ ಮಾಸ್ಕ್‌ನಲ್ಲಿ ಒಂದು ಕೆಲಸ ಮಾಡಿ. ಪ್ರತಿ ವೇಫರಿನಲ್ಲೂ ಕಿಂಡಿಯೇ ಇಲ್ಲದ ಒಂದು ಡೈ ಇಡಿ. ತಂತಿ, ಪ್ಯಾಡ್, ನೈಟ್ರೈಡ್ ಎಲ್ಲ ಇರಲಿ, ಕಿಂಡಿ ಮಾತ್ರ ಬೇಡ. ಅದನ್ನು ಅದ್ದಿದಾಗ ಫೆರೋಸೀನ್ ಮೆಥನಾಲ್‌ನ ಗುರುತೇ ಕಾಣಬಾರದು. ಕಂಡರೆ ಆ ವೇಫರನ್ನು ಪಕ್ಕಕ್ಕಿಡಿ. ಜಾಗ ದಂಡ ಅಂತ ಇದಕ್ಕೆ ಆಕ್ಷೇಪ ಮಾಡುವವರಿದ್ದಾರೆ. ಒಂದು ಡೈ ಉಳಿಸಲು ಹೋಗಿ ಇಡೀ ವೇಫರಿನ ಮೇಲೆ ನಂಬಿಕೆ ಕಳೆದುಕೊಳ್ಳುವುದರಲ್ಲಿ ಏನು ಲಾಭ?

ಪ್ರಶ್ನೆ: ಲಿಫ್ಟ್‌ಆಫ್ ಮಾಡುವಾಗ (ರೆಸಿಸ್ಟ್ ಅನ್ನುವ, ವಿನ್ಯಾಸ ಬರೆದ ಪೊರೆಯನ್ನು ಕರಗಿಸಿ, ಅದರ ಮೇಲಿನ ಬೇಡದ ಲೋಹವನ್ನು ಎಬ್ಬಿಸುವಾಗ) ಚಿನ್ನ ಬೇಕಾದ ಕಡೆಯಿಂದಲೂ ಕಿತ್ತು ಬರುತ್ತಿದೆ. ಕೆಳಗೆ ಕ್ರೋಮಿಯಂ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ ಅನ್ನುತ್ತಾರೆ. ಟೈಟಾನಿಯಂ ಬಿಟ್ಟು ಅದಕ್ಕೆ ಹೋಗಲೇ?
(ಎಂ.ಟೆಕ್. ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಹೋಗಬೇಡಿ. ಚಿನ್ನ ಆಕ್ಸಿಜನ್ ಜೊತೆ ಸೇರುವ ಲೋಹವಲ್ಲ, ಅದಕ್ಕೇ ಸಿಲಿಕಾನ್ ಆಕ್ಸೈಡ್ ಮೇಲೆ ನೇರವಾಗಿ ಹಾಕಿದರೆ ಸೆಲ್ಲೋಟೇಪ್ ಅಂಟಿಸಿ ಎಳೆದರೂ ಎದ್ದು ಬರುತ್ತದೆ. ನಡುವೆ 10 ನ್ಯಾನೋಮೀಟರ್ ಟೈಟಾನಿಯಂ ಅಥವಾ ಕ್ರೋಮಿಯಂ ಬೇಕೇ ಬೇಕು. ಕ್ರೋಮಿಯಂ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಚಿನ್ನದ ಮೇಲೆ ಆಮೇಲೆ ನೈಟ್ರೈಡ್ ಕೂರಿಸುವಾಗ ವೇಫರ್ 300 ಡಿಗ್ರಿಯ ಆಸುಪಾಸು ಕಾಯುತ್ತದೆ. ಆ ಕಾವಿಗೆ ಕ್ರೋಮಿಯಂ ಚಿನ್ನದ ಕಣಗಳ ಸಂದಿಯಲ್ಲಿ ನುಸುಳಿ ಮೇಲಕ್ಕೆ ಬರುತ್ತದೆ. ಬರೀ ತಂತಿಯಾಗಿ ಬಳಸುವವರಿಗೆ ಅದರಿಂದ ತೊಂದರೆ ಕಡಿಮೆ. ನಮಗೆ ಚಿನ್ನದ ಮೇಲ್ಮೈಯೇ ಎಲ್ಲ. ಅಲ್ಲಿ ಕ್ರೋಮಿಯಂ ಬಂದು ಕೂತರೆ ಅದರದೇ ಕರೆಂಟು ನಿಮ್ಮ ಗ್ರಾಫಿನಲ್ಲಿ ಸೇರಿಕೊಳ್ಳುತ್ತದೆ.

ಚಿನ್ನ ಕಿತ್ತು ಬರುತ್ತಿದೆ ಅಂದರೆ ತಪ್ಪು ಟೈಟಾನಿಯಂನದ್ದಲ್ಲ. ಮೂರು ಕಡೆ ನೋಡಿ. ಟೈಟಾನಿಯಂ ಹಾಕಿದ ಮೇಲೆ ಛೇಂಬರ್ ತೆರೆದು, ಆಮೇಲೆ ಚಿನ್ನ ಹಾಕಿದಿರಾ? ಗಾಳಿ ತಾಗಿದ ಕೂಡಲೇ ಟೈಟಾನಿಯಂ ಮೇಲೆ ಆಕ್ಸೈಡ್ ಬರುತ್ತದೆ, ಅದರ ಮೇಲೆ ಚಿನ್ನ ನಿಲ್ಲುವುದಿಲ್ಲ. ವ್ಯಾಕ್ಯೂಮ್ ಮುರಿಯದೆ ಎರಡನ್ನೂ ಒಂದಾದ ಮೇಲೊಂದು ಹಾಕಿ: 10 ನ್ಯಾನೋಮೀಟರ್ ಟೈಟಾನಿಯಂ, 100 ನ್ಯಾನೋಮೀಟರ್ ಚಿನ್ನ. ಎರಡನೆಯದು, ಡೆವಲಪ್ ಮಾಡಿದ ಮೇಲೆ ತಳದಲ್ಲಿ ಉಳಿಯುವ ರೆಸಿಸ್ಟಿನ ತೆಳು ಪೊರೆ. ಕಣ್ಣಿಗೆ ಕಾಣುವುದಿಲ್ಲ. ಮೆಟಲ್ ಹಾಕುವ ಮೊದಲು ಸ್ವಲ್ಪ ಹೊತ್ತು ಆಕ್ಸಿಜನ್ ಪ್ಲಾಸ್ಮಾ ಕೊಟ್ಟರೆ ಹೋಗುತ್ತದೆ. ಮೂರನೆಯದು ಅಲ್ಟ್ರಾಸಾನಿಕ್ ಬಾತ್. ಅವಸರಕ್ಕೆ ಅದರಲ್ಲಿ ಅಲುಗಾಡಿಸುವವರಿದ್ದಾರೆ.

ಅದರ ಬದಲು ವೇಫರನ್ನು ರಾತ್ರಿಯಿಡೀ ಅಸಿಟೋನ್‌ನಲ್ಲಿ ಬಿಟ್ಟುಬಿಡಿ. ಬೆಳಗ್ಗೆ ನೋಡಿದರೆ ಬೇಡದ ಚಿನ್ನ ಸುಕ್ಕುಗಟ್ಟಿ, ಅಂಚಿನಿಂದ ಎದ್ದು, ದೊಡ್ಡ ದೊಡ್ಡ ಹಾಳೆಯಾಗಿ ತೇಲುತ್ತಿರುತ್ತದೆ. ಪಿಪೆಟ್‌ನಿಂದ ಮೆಲ್ಲಗೆ ಅಸಿಟೋನ್ ಚಿಮ್ಮಿಸಿದರೆ ಉಳಿದದ್ದೂ ಬಿಡುತ್ತದೆ. ಆ ಹೊತ್ತಿನಲ್ಲಿ ವೇಫರ್ ಮೇಲೆ ಅಸಿಟೋನ್ ಒಣಗಲು ಬಿಡಲೇಬೇಡಿ. ಒಣಗಿದರೆ ಎದ್ದ ಚೂರುಗಳೆಲ್ಲ ಮತ್ತೆ ಅಲ್ಲೇ ಅಂಟಿಕೊಳ್ಳುತ್ತವೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಒದ್ದೆ ಇರುವಾಗಲೇ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಹಾಕಿ, ನಂತರ ನೈಟ್ರೋಜನ್ ಊದಿ.

ಚಿನ್ನವನ್ನು ಸ್ಪಟರ್ ಮಾಡುತ್ತೀರೋ (ಅಯಾನುಗಳಿಂದ ಹೊಡೆದು ಚಿಮ್ಮಿಸುತ್ತೀರೋ) ಇ-ಬೀಮ್‌ನಲ್ಲಿ ಆವಿ ಮಾಡುತ್ತೀರೋ ಬರೆದಿಲ್ಲ. ಸ್ಪಟರ್ ಆದರೆ ಚಿನ್ನ ರೆಸಿಸ್ಟಿನ ಪಕ್ಕದ ಗೋಡೆಗೂ ಹತ್ತುತ್ತದೆ. ಲಿಫ್ಟ್‌ಆಫ್ ಆದ ಮೇಲೆ ಅಂಚಿನಲ್ಲಿ ಚೂಪಾಗಿ ನಿಂತ ಬೇಲಿಯಂತೆ ಉಳಿಯುತ್ತದೆ. ಮೇಲೆ ಬರುವ ನೈಟ್ರೈಡ್ ಅದನ್ನು ಪೂರ್ತಿ ಮುಚ್ಚಲಾರದು. ಮೈಸೂರಿನ ವಿದ್ಯಾರ್ಥಿನಿಗೆ ಹೇಳಿದ ಸೂಜಿರಂಧ್ರಗಳಿಗೆ ಇದೂ ಒಂದು ಮೂಲ. ಇ-ಬೀಮ್ ಸಿಗುವುದಾದರೆ ಅದನ್ನೇ ಬಳಸಿ.

ಪ್ರಶ್ನೆ: ನಮ್ಮದು ಸಣ್ಣ ಊರಿನ ಡಿಗ್ರಿ ಕಾಲೇಜು. ಕ್ಲೀನ್‌ರೂಮ್ ಕನಸಿನಲ್ಲೂ ಇಲ್ಲ. ಮಕ್ಕಳಿಗೆ ಮೈಕ್ರೋ ಎಲೆಕ್ಟ್ರೋಡ್ ತೋರಿಸಲು ದಾರಿ ಇದೆಯೇ?
(ರಸಾಯನಶಾಸ್ತ್ರ ಉಪನ್ಯಾಸಕರು, ಚಿತ್ರದುರ್ಗ ಜಿಲ್ಲೆ)

ಉತ್ತರ: ಖಂಡಿತ ಇದೆ ಸರ್. ಅರೇ ಮಾಡಲು ಕ್ಲೀನ್‌ರೂಮ್ ಬೇಕು, ಒಂಟಿ ಮೈಕ್ರೋ ಎಲೆಕ್ಟ್ರೋಡ್‌ಗೆ ಬೇಡ. ಐ.ಸಿ. ಚಿಪ್‌ಗಳಿಗೆ ಸಂಪರ್ಕ ಕೊಡಲು 25 ಮೈಕ್ರಾನ್ ದಪ್ಪದ ಚಿನ್ನದ ತಂತಿ ಬಳಸುತ್ತಾರೆ. ಅದರ ಒಂದು ಸಣ್ಣ ತುಂಡು ಸಾಕು. ಅದನ್ನು ತಾಮ್ರದ ತಂತಿಗೆ ಸಿಲ್ವರ್ ಪೇಸ್ಟ್‌ನಿಂದ ಜೋಡಿಸಿ, ಗಾಜಿನ ಕ್ಯಾಪಿಲರಿಯೊಳಗೆ ಇಳಿಸಿ, ಎಪಾಕ್ಸಿ ತುಂಬಿಸಿ. ಎಪಾಕ್ಸಿಯನ್ನು ನಿಧಾನವಾಗಿ ತುಂಬಿಸಿ, ತಂತಿಯ ಪಕ್ಕ ಒಂದು ಗಾಳಿಗುಳ್ಳೆ ಉಳಿದರೂ ದ್ರಾವಣ ಒಳಗೆ ಸೇರಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ತುದಿಯನ್ನು 1200 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿ, ಆಮೇಲೆ 1, 0.3, 0.05 ಮೈಕ್ರಾನ್ ಅಲ್ಯುಮಿನಾದಲ್ಲಿ ಪಾಲಿಶ್ ಮಾಡಿ. ಕೈಮಸೂರದಲ್ಲಿ ನೋಡಿದರೆ ಗಾಜಿನ ನಡುವೆ ಒಂದು ಹೊಳೆಯುವ ಚುಕ್ಕಿ. ಅಷ್ಟೇ ನಿಮ್ಮ ಎಲೆಕ್ಟ್ರೋಡ್.

1 ಮಿಲಿಮೋಲಾರ್ ಫೆರೋಸೀನ್ ಮೆಥನಾಲ್‌ನಲ್ಲಿ ಅದು ಸುಮಾರು 3.4 ನ್ಯಾನೋ ಆಂಪಿಯರ್ ಕೊಡಬೇಕು. ಈ ಅಂಕಿಯನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿ, ಬೋರ್ಡಿನ ಮೇಲೆ ಬರೆಸಿ, ಆಮೇಲೆ ಅಳೆಯಲು ಬಿಡಿ. ಬೋರ್ಡಿನ ಅಂಕಿಯ ಹತ್ತಿರಕ್ಕೆ ಗ್ರಾಫ್ ಬಂದು ಸಪಾಟಾದಾಗ ಅವರ ಮುಖ ನೋಡಬೇಕು. ಜಾಸ್ತಿ ಬಂದರೆ ಸೀಲ್ ಬಿಟ್ಟಿದೆ. ಮತ್ತೆ ಪಾಲಿಶ್ ಮಾಡಿ, ಸರಿಹೋಗದಿದ್ದರೆ ಹೊಸದು ಮಾಡಿ.

ನಿಮ್ಮ ಹತ್ತಿರ ಇರುವ ಪೊಟೆನ್ಷಿಯೋಸ್ಟಾಟ್ (ವೋಲ್ಟೇಜ್ ಕೊಟ್ಟು ಕರೆಂಟು ಅಳೆಯುವ ಯಂತ್ರ) ನ್ಯಾನೋ ಆಂಪಿಯರ್ ಅಳೆಯಬೇಕು, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ. ಇಷ್ಟು ಸಣ್ಣ ಕರೆಂಟಿನಲ್ಲಿ ಗೋಡೆಯ ವೈರಿಂಗ್, ಟ್ಯೂಬ್‌ಲೈಟ್, ಫೋನ್ ಚಾರ್ಜರ್ ಎಲ್ಲದರ ಸದ್ದೂ ಗ್ರಾಫಿಗೆ ಬರುತ್ತದೆ. ಒಂದು ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಸೆಲ್ ಇಟ್ಟು, ಡಬ್ಬಿಯನ್ನು ಪೊಟೆನ್ಷಿಯೋಸ್ಟಾಟ್‌ನ ಗ್ರೌಂಡಿಗೆ ಸೇರಿಸಿ, ಮುಚ್ಚಳ ಹಾಕಿ. ಮುಚ್ಚಳ ತೆಗೆದಾಗ ಒಂದು ಗ್ರಾಫ್, ಹಾಕಿದಾಗ ಇನ್ನೊಂದು ತೆಗೆದು ಪಕ್ಕಪಕ್ಕ ತೋರಿಸಿ. ಫ್ಯಾರಡೆ ಕೇಜ್ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ.

ಅರೇ ಮಾಡಲೇಬೇಕು ಅಂತ ಆಸೆ ಇದ್ದರೆ, ಹೊರಗಿನ ಕಾಲೇಜಿನವರಿಗೂ ಕ್ಲೀನ್‌ರೂಮ್ ಬಳಸಲು ಅವಕಾಶ ಕೊಡುವ ಐಎನ್‌ಯುಪಿ ಅನ್ನುವ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮುಂಬೈ ಐಐಟಿಯಲ್ಲೂ ಶುರುವಾದದ್ದು. ಅದರ ತರಬೇತಿಗೆ ಅರ್ಜಿ ಹಾಕಿ. ಸಣ್ಣ ಊರಿನ ಕಾಲೇಜು ಅಂತ ಹಿಂಜರಿಯಬೇಡಿ.

ಪ್ರಶ್ನೆ: ಚಿನ್ನದ ಅರೇ ಪರೀಕ್ಷಿಸಲು ಫೆರೋಸೈನೈಡ್ ಸಾಲದೇ? ಎಲ್ಲರೂ ಅದನ್ನೇ ಬಳಸುತ್ತಾರಲ್ಲ. ಮೊದಲು ಪಿರಾನ್ಹಾದಲ್ಲಿ ತೊಳೆಯಬೇಕೇ?
(ಸಂಶೋಧನಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಒಂದು ಸಲ ನೋಡಲು ಸಾಕು. ಆದರೆ ಅದೇ ಚಿಪ್ಪನ್ನು ಹೊತ್ತುಗಟ್ಟಲೆ ಅದರಲ್ಲೇ ಇಟ್ಟು ಅಳೆದರೆ ಬಿಡುಗಡೆಯಾಗುವ ಸೈನೈಡ್ ಚಿನ್ನವನ್ನೇ ಕೊರೆಯುತ್ತದೆ. ಮೇಲೆ ಹೇಳಿದ ಹಾಗೆ ಈ ಚಿನ್ನದ ಪದರ ಬರೀ 100 ನ್ಯಾನೋಮೀಟರ್ ದಪ್ಪ ಅನ್ನುವುದು ನೆನಪಿರಲಿ. ಫೆರೋಸೀನ್ ಮೆಥನಾಲ್ ಅಥವಾ ಹೆಕ್ಸಾಮಿನ್ ರುಥೇನಿಯಂ ಕ್ಲೋರೈಡ್ ಬಳಸಿ.

ಪಿರಾನ್ಹಾ, ಅಂದರೆ ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ, ತಂತಿ ಜೋಡಿಸಿ ಎಪಾಕ್ಸಿ ಹಚ್ಚಿದ ಚಿಪ್‌ಗೆ ಬೇಡವೇ ಬೇಡ. ಎಪಾಕ್ಸಿಯನ್ನು ತಿನ್ನುತ್ತದೆ, ಬಿಸಿಯೇರಿ ಉಕ್ಕುತ್ತದೆ. ಮೈಮೇಲೆ ಬಿದ್ದರೆ ಗತಿಯೇನು? 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಮೈನಸ್ 0.2ರಿಂದ 1.5 ವೋಲ್ಟ್‌ವರೆಗೆ ಗ್ರಾಫ್ ಬದಲಾಗದಂತೆ ನಿಲ್ಲುವ ತನಕ ಓಡಿಸಿ. ವಾಪಸ್ ಬರುವಾಗ 0.9 ವೋಲ್ಟ್ ಹತ್ತಿರ ಚಿನ್ನದ ಆಕ್ಸೈಡ್ ಕಳಚುವ ಒಂದು ಚೂಪು ಇಳಿತ ಕಾಣುತ್ತದೆ. ಅದರ ಚಾರ್ಜ್ ಲೆಕ್ಕ ಹಾಕಿ. ಚದರ ಸೆಂ.ಮೀ.ಗೆ 390 ಮೈಕ್ರೋಕೂಲಂಬ್ ಅಂತ ಹಿಡಿದು ಭಾಗಿಸಿದರೆ ದ್ರಾವಣಕ್ಕೆ ನಿಜವಾಗಿ ತಾಗುತ್ತಿರುವ ಚಿನ್ನದ ವಿಸ್ತೀರ್ಣ ಸಿಗುತ್ತದೆ. ತೊಳೆಯುವ ಕೆಲಸ, ಅಳೆಯುವ ಕೆಲಸ ಎರಡೂ ಒಂದೇ ಸಲಕ್ಕೆ ಮುಗಿಯುತ್ತದೆ. ಒಂದು ಎಚ್ಚರಿಕೆ: ಈ ವಿಸ್ತೀರ್ಣ ಮೇಲ್ಮೈಯ ಒರಟುತನವನ್ನೂ ಎಣಿಸುತ್ತದೆ, ಹಾಗಾಗಿ ಮೈಕ್ರೋಸ್ಕೋಪ್‌ನಲ್ಲಿ ಅಳೆದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ತುಂಬಾ ಜಾಸ್ತಿ ಬಂದರೆ ನೈಟ್ರೈಡ್ ಅಂಚಿನಲ್ಲಿ ಎದ್ದಿದೆಯೇ ನೋಡಿ.

ಪ್ರಶ್ನೆ: ನಮ್ಮ ಕಡೆ ಕೆಲವು ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇದೆ ಅಂತಾರೆ, ಫ್ಲೋರೈಡ್ ಅಂತೂ ಇದ್ದೇ ಇದೆ. ನೀವು ಹೇಳುವ ಚಿಪ್‌ನಿಂದ ಎರಡನ್ನೂ ಊರಲ್ಲೇ ಅಳೆಯಬಹುದೇ?
(ಪ್ರೌಢಶಾಲಾ ಶಿಕ್ಷಕಿ, ರಾಯಚೂರು ಜಿಲ್ಲೆ)

ಉತ್ತರ: ಮೇಡಂ, ಫ್ಲೋರೈಡ್ ಈ ಚಿಪ್ಪಿಗೆ ಸಿಗುವುದಿಲ್ಲ. ನಾವು ಕೊಡುವ ವೋಲ್ಟೇಜ್‌ನಲ್ಲಿ ಅದು ಎಲೆಕ್ಟ್ರಾನ್ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಅದಕ್ಕೆ ಲ್ಯಾಂಥನಂ ಫ್ಲೋರೈಡ್ ಹರಳಿನ ಬೇರೆಯೇ ಎಲೆಕ್ಟ್ರೋಡ್ ಇದೆ, ನೀರಿನ ಪರೀಕ್ಷಾಲಯಗಳಲ್ಲಿ ಬಳಸುತ್ತಾರೆ.

ಆರ್ಸೆನಿಕ್ ಸಿಗುತ್ತದೆ, ಅದರಲ್ಲೂ ಚಿನ್ನದ ಅರೇಗೆ ಚೆನ್ನಾಗಿ ಸಿಗುತ್ತದೆ. ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ ಚಿನ್ನದ ಅದಿರಿನ ಜೊತೆಗೇ ಆರ್ಸೆನೋಪೈರೈಟ್ ಅನ್ನುವ ಆರ್ಸೆನಿಕ್ ಖನಿಜ ಇರುತ್ತದೆ. ನೆಲದಲ್ಲಿ ಚಿನ್ನದ ಪಕ್ಕ ಇರುವ ಆರ್ಸೆನಿಕ್ಕನ್ನು ಹಿಡಿಯಲು ನಮಗೆ ಬೇಕಾದದ್ದೂ ಚಿನ್ನವೇ. ನೀರಿಗೆ ಆಮ್ಲ ಬೆರೆಸಿ, ಎಲೆಕ್ಟ್ರೋಡ್‌ಗೆ ಸ್ವಲ್ಪ ಹೊತ್ತು ಮೈನಸ್ ವೋಲ್ಟೇಜ್ ಕೊಟ್ಟರೆ ಆರ್ಸೆನಿಕ್ ಬಂದು ಚಿನ್ನದ ಮೇಲೆ ಕೂರುತ್ತದೆ. ಆಮೇಲೆ ವೋಲ್ಟೇಜ್ ಏರಿಸಿದರೆ ಒಟ್ಟಿಗೆ ಕಳಚಿಕೊಳ್ಳುತ್ತದೆ. ಆಗ ಏಳುವ ಕರೆಂಟಿನ ಶಿಖರವೇ ಅಳತೆ. ಸಣ್ಣ ಚುಕ್ಕಿಗಳಿಗೆ ಅಣುಗಳು ಎಲ್ಲ ಕಡೆಯಿಂದ ಬರುವುದರಿಂದ ದ್ರಾವಣವನ್ನು ಕಲಕುವ ಯಂತ್ರ ಬೇಕಾಗುವುದಿಲ್ಲ, ಬ್ಯಾಟರಿಯಲ್ಲೇ ನಡೆಯುತ್ತದೆ. ಹಳ್ಳಿಗೆ ಒಯ್ಯುವ ಸಾಧನಕ್ಕೆ ಅರೇ ಹೇಳಿ ಮಾಡಿಸಿದ ಹಾಗಿದೆ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಆದರೆ ನಾಳೆಯೇ ಒಂದು ಚಿಪ್ ತರಿಸಿ ಅಳೆದುಬಿಡಿ ಅಂತ ಹೇಳಲಾರೆ. ನೀರಿನಲ್ಲಿ ತಾಮ್ರ ಇದ್ದರೆ ಅದೂ ಚಿನ್ನದ ಮೇಲೆ ಕೂತು ಗೊಂದಲ ಮಾಡುತ್ತದೆ. ಆರ್ಸೆನಿಕ್‌ನಲ್ಲಿ ಎರಡು ರೂಪಗಳಿವೆ, ಸುಲಭವಾಗಿ ಸಿಗುವುದು ವೇಲೆನ್ಸಿ ಮೂರರ ರೂಪ ಮಾತ್ರ. ಐದರ ರೂಪವನ್ನು ಮೊದಲು ಮೂರಕ್ಕೆ ಇಳಿಸಿಕೊಳ್ಳಬೇಕು. ಇದನ್ನು ಮರೆತರೆ ವಿಷವಿರುವ ನೀರಿಗೂ ಒಳ್ಳೆಯದು ಅನ್ನುವ ಚೀಟಿ ಸಿಕ್ಕಿಬಿಡುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಸಣ್ಣ ಮಿತಿಯ ಹತ್ತಿರ ತಪ್ಪಿಗೆ ಜಾಗವೇ ಇಲ್ಲ.

ಸದ್ಯಕ್ಕೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಅರ್ಜಿಯಲ್ಲಿ ಆರ್ಸೆನಿಕ್ ಅಂತ ಬೇರೆಯಾಗಿ ಬರೆದು ಕೊಡಿ, ಸುಮ್ನೆ ‘ನೀರಿನ ಪರೀಕ್ಷೆ’ ಅಂದರೆ ಅದು ಬಿಟ್ಟುಹೋಗಬಹುದು. ಬೋರ್‌ವೆಲ್ ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಬಾಟಲಿ ತುಂಬಿ. ಊರವರಿಗೆ ಇನ್ನೊಂದು ವಿಷಯ ತಿಳಿಸಿ: ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯಾಗುತ್ತದೆ. ಫಲಿತಾಂಶ ಬಂದ ಮೇಲೆ ಅಂಕಿಗಳನ್ನು ಈ ಅಂಕಣಕ್ಕೆ ಬರೆದು ಕಳಿಸಿ, ಒಟ್ಟಿಗೆ ಕೂತು ನೋಡೋಣ.